ಮಂಗಳವಾರದ ಸಹಿ

ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸವನ್ನು ಇಪ್ಪತ್ತೆರಡು ವರ್ಷ ಮಾಡಿ ಅವನಿಗೊಂದು ಚಾಳಿ ಅಂಟಿಕೊಂಡಿತ್ತು. ಯಾರನ್ನು ಕಂಡರೂ ಮೊದಲು ಕಳ್ಳನೆಂದುಕೊಂಡು, ಆಮೇಲೆ ಸಾಕ್ಷಿ ಸಿಕ್ಕರೆ ಮನುಷ್ಯನೆಂದು ಒಪ್ಪುತ್ತಿದ್ದ. ಡಿಪೋದವರು ಅವನಿಗೆ ‘ಭೂತಗನ್ನಡಿ’ ಎಂದು ಹೆಸರಿಟ್ಟಿದ್ದರು. ಅದು ಹೊಗಳಿಕೆಯೆಂದೇ ಅವನು ತಿಳಿದಿದ್ದ, ಪಾಪ.

ಈ ಭೂತಗನ್ನಡಿಯ ಹೆಂಡತಿ ಮಾನಸಿಕ ಆಸ್ಪತ್ರೆ ಸೇರಿ ಐದು ತಿಂಗಳಾಗಿತ್ತು. ಊಟ ಬಿಟ್ಟು, ಮಾತು ಬಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಿದವಳನ್ನು ಅವಳ ತಮ್ಮ ಕರೆತಂದು ಸೇರಿಸಿದ್ದ. ಆರು ವಾರ ಸಾಕು ಎಂದಿದ್ದರು ಡಾಕ್ಟರು. ಆರು ವಾರಕ್ಕೆ ಸರಿಯಾಗಿ ಅವಳು ಎದ್ದು ಓಡಾಡಿದಳು, ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ದಿಂಬಿನ ಚೀಲ ಹೊಲಿದಳು, ನಕ್ಕಳು ಕೂಡ. ಅಲ್ಲಿ ಮನೆಗೆ ಕಳಿಸುವುದು ಬುಧವಾರ, ದೊಡ್ಡ ಡಾಕ್ಟರು ವಾರ್ಡು ಸುತ್ತಿದ ಮೇಲೆ. ಮೂರು ಸಲ ಬುಧವಾರ ಗೊತ್ತಾಯಿತು. ಮೂರು ಸಲವೂ ಅವನು ರಜೆ ಹಾಕಿ ಆಟೋ ಹಿಡಿದು ಬಂದರೆ ಅದೇ ಉತ್ತರ: ನಿನ್ನೆ ಸಂಜೆಯಿಂದ ಮತ್ತೆ ಊಟ ಬಿಟ್ಟಿದ್ದಾರೆ, ಇವತ್ತು ಬೇಡ.

ಒಂದು ಸಲವಾದರೆ ಕಾಯಿಲೆ ಎನ್ನಬಹುದು, ಮೂರು ಸಲವೆಂದರೆ ಯಾರದೋ ಕೈವಾಡ ಎಂದು ಭೂತಗನ್ನಡಿ ತೀರ್ಮಾನಿಸಿದ. ಮೊದಲು ಡಾಕ್ಟರ ಮೇಲೆ ಕಣ್ಣು ಬಿತ್ತು, ಹಾಸಿಗೆ ಖಾಲಿ ಬೀಳದಿರಲೆಂದು ಇಟ್ಟುಕೊಂಡಿರಬೇಕು. ಆದರೆ ಹೊರಗೆ ಹಾಸಿಗೆಗಾಗಿ ಸಾಲುಗಟ್ಟಿ ಜನ ಕಾಯುತ್ತಿದ್ದರು. ಹೊಲಿಗೆ ಕೋಣೆಯ ಮೇಲ್ವಿಚಾರಕಿಯೋ? ಅಷ್ಟು ಚೊಕ್ಕವಾಗಿ ಹೊಲಿಯುವವಳನ್ನು ಯಾರು ಬಿಟ್ಟಾರು! ಆದರೆ ಮನೆಗೆ ಒಯ್ಯಲೆಂದು ಬಟ್ಟೆಯ ಚೀಲ ಹೊಲಿದು ಕೊಟ್ಟವಳೇ ಆಕೆ. ಉಳಿದವನು ಭಾಮೈದ. ಅವನ ಮೇಲೆ ಇವನಿಗೆ ಮದುವೆಯ ದಿನದಿಂದಲೇ ಅನುಮಾನ. ಇದರ ನಡುವೆ ಡಾಕ್ಟರು ಮಾತಾಡಬೇಕೆಂದು ಎರಡು ಸಲ ಹೇಳಿಕಳಿಸಿದ್ದರು. ಏನಕ್ಕೋ ಸಹಿ ಹಾಕಿಸಿಕೊಳ್ಳುವ ಉಪಾಯವೆಂದು ಇವನು ಆ ಕಡೆ ತಲೆಯೇ ಹಾಕಲಿಲ್ಲ.

ನಾಲ್ಕನೆಯ ಬುಧವಾರ ಗೊತ್ತಾಯಿತು. ಹಿಂದಿನ ದಿನ ಮಂಗಳವಾರ, ಅವನ ವಾರದ ರಜೆ, ಅವನು ಎಂದಿನಂತೆ ನೋಡಲು ಬಂದ. ಈ ಸಲ ಮಾತ್ರ ನೇರ ಗೇಟಿನ ಕಾವಲುಗಾರನ ಮೇಜಿನ ಮುಂದೆ ನಿಂತ.

“ನೋಡೋಕೆ ಬರೋರ ಪುಸ್ತಕ ಕೊಡಯ್ಯ ಇಲ್ಲಿ.”

“ಸಹಿ ಹಾಕಿ ಹೋಗಿ ಸಾರ್. ಪುಸ್ತಕ ಯಾಕೆ?”

“ತಪಾಸಣೆ!”

ಆ ಗತ್ತಿಗೆ ಕಾವಲುಗಾರ ಎದ್ದೇ ನಿಂತುಬಿಟ್ಟ. ಭೂತಗನ್ನಡಿ ಹಾಳೆ ಮಗುಚಿದ. ಭಾಮೈದ ಬಂದದ್ದೆಲ್ಲ ಭಾನುವಾರ. ಕೈತಪ್ಪಿದ ಆ ಮೂರು ಬುಧವಾರಗಳ ಹಿಂದಿನ ದಿನ ಹೆಂಡತಿಯ ಹೆಸರಿನ ಮುಂದೆ ಒಂದೊಂದೇ ಸಹಿಯಿತ್ತು, ಬಾಲ ಉದ್ದಕ್ಕೆ ಎಳೆದದ್ದು. ಹಾಳೆ ಹರಿದಿದ್ದಾರೆಯೇ ಎಂದು ಪುಸ್ತಕದ ಹೊಲಿಗೆ ಪರೀಕ್ಷಿಸಿದ. ಪುಟಸಂಖ್ಯೆ ಎಣಿಸಿದ. ಕೊನೆಗೆ ತನ್ನ ಅಂಗೈ ಮೇಲೆ ಸಹಿ ಹಾಕಿ ಪಕ್ಕದಲ್ಲಿಟ್ಟು ನೋಡಿದ. ಅನುಮಾನವೇ ಇಲ್ಲ, ಸಹಿ ಅವನದೇ.

ಅಷ್ಟರಲ್ಲಿ ವಾರ್ಡಿನ ಹಿರಿಯ ನರ್ಸಮ್ಮ ಆ ದಾರಿಯಲ್ಲಿ ಬಂದರು. “ಏನು ಹುಡುಕ್ತಿದ್ದೀರಿ?”

“ಮಂಗಳವಾರ ಬಂದು ನನ್ನ ಹೆಂಡತಿ ತಲೆ ಕೆಡಿಸೋನು ಯಾರು ಅಂತ.”

ನರ್ಸಮ್ಮ ಪುಸ್ತಕ ನೋಡಿದರು, ಅವನ ಅಂಗೈ ನೋಡಿದರು. “ಸಿಕ್ಕಿದ್ನಾ?”

ಅವನ ಮುಖ ಇಷ್ಟೇ ಇಷ್ಟಾಯಿತು.

“ನೀವು ಬಂದು ಹೋದ ಮೇಲೆ ಅವರು ನೀರೂ ಮುಟ್ಟಲ್ಲ. ಅದಕ್ಕೇ ಡಾಕ್ಟ್ರು ಕರೆದಿದ್ದು. ಏನು ಕೇಳ್ತೀರಿ ಅವರನ್ನ?”

“ಗಂಡ ಅನ್ನೋನು ಕೇಳೋದೇ. ಯಾರು ಬಂದಿದ್ರು, ಏನು ಮಾತಾಡಿದ್ರಿ, ಯಾಕೆ ನಕ್ಕೆ, ಇಷ್ಟು ನೀಟಾಗಿ ತಲೆ ಯಾಕೆ ಬಾಚ್ಕೊಂಡೆ... ಇಷ್ಟೇ.”

ಬಾಯಿಬಿಟ್ಟು ಹೇಳಿದಾಗ ಅದು ಅವನಿಗೇ ‘ಇಷ್ಟೇ’ ಅನ್ನಿಸಲಿಲ್ಲ.

“ಇವತ್ತೊಂದು ದಿನ ಏನೂ ಕೇಳಬೇಡಿ,” ಎಂದರು ನರ್ಸಮ್ಮ. “ನಾಳೆ ಕರ್ಕೊಂಡು ಹೋಗಿ.”

ಅವನು ಮನಸ್ಸು ಗಟ್ಟಿ ಮಾಡಿಕೊಂಡು ಒಳಗೆ ಹೋದ. ಅವಳು ಅವನಿಗೆ ಬೇಕಿತ್ತು, ಅದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಅವಳಿಲ್ಲದ ಮನೆ ಐದು ತಿಂಗಳಿಂದ ಅವನನ್ನು ತಿನ್ನಲು ಬರುತ್ತಿತ್ತು. ಅವಳು ಮಂಚದ ಮೇಲೆ ಚೀಲ ಇಟ್ಟುಕೊಂಡು ಬಟ್ಟೆ ಜೋಡಿಸುತ್ತಿದ್ದಳು. ತಲೆ ನೀಟಾಗಿ ಬಾಚಿತ್ತು. ಅವನು ಪ್ರಶ್ನೆ ನುಂಗಿ ಸ್ಟೂಲಿನ ಮೇಲೆ ಕುಳಿತ. ಕಾಲು ಗಂಟೆ ಕಳೆಯಿತು.

“ಯಾಕ್ರೀ, ಮೈಗೆ ಹುಷಾರಿಲ್ವಾ?” ಎಂದು ಅವಳೇ ಕೇಳಿದಳು.

ಅವನಿಗೆ ನಗು ಬಂತು, ಅವಳೂ ನಕ್ಕಳು. ಆ ನಗುವಿನ ಧೈರ್ಯದ ಮೇಲೆ ಅವನು ಬಾಯಿಬಿಟ್ಟ. “ನಾನು ಬಂದು ಹೋದ್ರೆ ಊಟ ಬಿಡ್ತೀಯಂತೆ. ಹೌದಾ?”

ಅವಳು ಒಂದು ಟವೆಲ್ಲನ್ನು ಮಡಿಸಿ ಚೀಲದೊಳಗಿಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಇಲ್ಲಿ ನೀವು ವಾರಕ್ಕೊಂದು ದಿನ ಬರ್ತೀರಿ. ಮಿಕ್ಕ ಆರು ದಿನದಲ್ಲಿ ಸುಧಾರಿಸ್ಕೋತೀನಿ. ಮನೇಲಿ ದಿನಾ ಇರ್ತೀರಲ್ಲ, ಅಲ್ಲಿ ಯಾವಾಗ ಸುಧಾರಿಸ್ಕೊಳ್ಳಲಿ? ನೀವೇ ಹೇಳಿ.”

ಮದುವೆಯಾದಂದಿನಿಂದ ಅವಳು ಇಷ್ಟು ಮಾತನ್ನು ಒಟ್ಟಿಗೆ ಆಡಿದ್ದಿಲ್ಲ. ಆಡಿ, ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತಿದ್ದಳು. ಅವನ ಕಣ್ಣು ತುಂಬಿತು. ಇನ್ನು ಮೇಲೆ ಕೇಳುವುದಿಲ್ಲ ಕಣೇ ಎಂಬ ಮಾತು ಗಂಟಲವರೆಗೂ ಬಂದಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ನುಗ್ಗಿತು. ಇವಳಿಗೆ ಇಷ್ಟೆಲ್ಲ ಮಾತು ಎಲ್ಲಿ ಬರುತ್ತಿತ್ತು? ಯಾರೋ ಪಕ್ಕದಲ್ಲಿ ಕೂತು ಕಲಿಸಿರಲೇಬೇಕು.

“ಇದನ್ನ ನಿನಗೆ ಯಾರು ಹೇಳ್ಕೊಟ್ರು?” ಎಂದು ಕೇಳಿದ.

ಅವಳು ಚೀಲದೊಳಗೆ ಕೈ ಹಾಕಿ, ಮಡಿಸಿಟ್ಟ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಆಸ್ಪತ್ರೆಯ ಬೀರುವಿನಲ್ಲಿ ಮೊದಲಿದ್ದಲ್ಲೇ ಇಡತೊಡಗಿದಳು.