ಮುಕ್ಕುಂದದ ಉಪ್ಪು

ಸಿಂಧನೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಅಂಬಿಕಾಗೆ ಆ ವರ್ಷ ವಿಶ್ವವಿದ್ಯಾಲಯದವರು ಒಂದು ಬೇಸರದ ಕೆಲಸ ಹಚ್ಚಿದ್ದರು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಯಾವ ಉಪಕರಣಗಳಿವೆ, ಯಾವುದು ನಡೆಯುತ್ತದೆ, ಯಾವುದು ಕೆಟ್ಟಿದೆ ಎಂದು ನೋಡಿ ಪಟ್ಟಿ ಮಾಡಬೇಕು. ಆ ಪಟ್ಟಿ ಆನ್‌ಲೈನ್‌ನಲ್ಲಿ ಬಂದರೆ ಸಂಶೋಧನೆ ಮಾಡುವವರು ಯಾರಾದರೂ ಕೇಳಿಕೊಂಡು ಬಳಸಬಹುದು. ಎರಡು ಊರು ಮುಗಿಯುವಷ್ಟರಲ್ಲಿ ಮುರಿದ ತಕ್ಕಡಿ, ತುಕ್ಕು ಹಿಡಿದ ಸ್ಟ್ಯಾಂಡು ಅಂತ ಬರೆದು ಬರೆದು ಆಕೆಗೆ ಸಾಕಾಗಿತ್ತು.

ಲಿಂಗಸುಗೂರಿನ ಕಾಲೇಜಿನಲ್ಲಿ ಸ್ಟೋರಿನ ಬೀಗ ತೆಗೆದವನು ಅಟೆಂಡರ್ ನರಸಣ್ಣ. ನಿವೃತ್ತಿಗೆ ಇನ್ನು ಎರಡೇ ವರ್ಷ. ಮೂಲೆಯಲ್ಲಿ ಬಟ್ಟೆ ಸುತ್ತಿದ ಕಟ್ಟಿಗೆ ಪೆಟ್ಟಿಗೆಯೊಂದಿತ್ತು.

"ಇದರಾಗ ಏನೈತ್ರಿ?"

"ಹೆಸರು ಗೊತ್ತಿಲ್ರಿ ಮೇಡಂ. ಕಲ್ಲಿನ ಪಾಠ ಹೇಳೋ ಸಾರ್ ಒಬ್ರು ಇದ್ರು. ಅವರ ವಿಭಾಗ ಮುಚ್ಚಿತು, ವರ್ಗಾ ಆಗಿ ಹೋದ್ರು."

ಅಂಬಿಕಾ ಪೆಟ್ಟಿಗೆ ತೆರೆದಳು. ಒಳಗಿದ್ದದ್ದು ಧ್ರುವೀಕರಣ ಸೂಕ್ಷ್ಮದರ್ಶಕ. ಹಾದು ಬರುವ ಬೆಳಕನ್ನು ಸೋಸಿ, ಹರಳುಗಳ ಗುಣ ತೋರಿಸುವ ಯಂತ್ರ. ಆಕೆ ಅದನ್ನು ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಕಂಡಿರಲಿಲ್ಲ. ಮಸೂರಗಳ ಮೇಲೆ ಒಂದು ಚುಕ್ಕೆ ಬೂಷ್ಟೂ ಇರಲಿಲ್ಲ. ಪಕ್ಕದಲ್ಲಿ ಬಟ್ಟೆಯ ಚೀಲ, ಅದರ ತುಂಬ ನೀಲಿ ಹರಳು.

"ಇದು ಹೆಂಗ ಇಷ್ಟು ಚಲೋ ಉಳೀತ್ರಿ?"

"ಹೋಗುವಾಗ ಸಾರ್ ಒಂದ ಮಾತು ಹೇಳಿ ಹೋಗ್ಯಾರ. ಈ ಹರಳು ಗುಲಾಬಿ ಆದ್ರ ತೇವ ಕುಡದೈತಿ, ಕಾಸು. ನೀಲಿ ಆದ್ಮ್ಯಾಲೆ ಹೊಳ್ಳಿ ಒಳಗಿಡು ಅಂತ. ಅದನ್ನ ಮಾಡಾಕತ್ತೀನಿ."

"ಎಷ್ಟು ವರ್ಷದಿಂದ?"

"ಹತ್ತೊಂಬತ್ತು ಆತ್ರಿ."

ಹತ್ತೊಂಬತ್ತು ಮಳೆಗಾಲ! ಹೆಸರೂ ಗೊತ್ತಿಲ್ಲದ ವಸ್ತುವಿಗಾಗಿ. ಪಟ್ಟಿಯಲ್ಲಿ 'ಹೊರಗೆ ಕೊಡಬಹುದೇ' ಎಂಬ ಕಾಲಂಗೆ ಬಂದಾಗ ನರಸಣ್ಣ ಪೆಟ್ಟಿಗೆಗೆ ಅಡ್ಡ ನಿಂತ. "ಬಸ್ಸಿನಾಗ ಹಾಕ್ಕೊಂಡು ಹೋಗಾಕ ಬಿಡಂಗಿಲ್ರಿ. ಬೇಕಾದವರು ಇಲ್ಲೇ ಬರ್ಲಿ, ನಾ ತೆಗದು ಕೊಡ್ತೀನಿ." ಪ್ರಾಂಶುಪಾಲರೂ ಅದಕ್ಕೆ ಒಪ್ಪಿದರು. 'ಇಲ್ಲಿಗೇ ಬಂದು ಬಳಸಬಹುದು' ಎಂದು ಆಕೆ ಬರೆದುಕೊಂಡಳು.

ಪಟ್ಟಿ ಪ್ರಕಟವಾದ ನಾಲ್ಕನೇ ದಿನ ಬಳಗಾನೂರಿನ ಗಾಯತ್ರಿ ಫೋನ್ ಮಾಡಿದಳು. ಕಾಲುವೆ ಸೀಮೆಯ ಭತ್ತದ ಗದ್ದೆಗಳಲ್ಲಿ ಬೆಳ್ಳಗೆ ಮೇಲೇಳುವ ಉಪ್ಪಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಮಣ್ಣಿನ ಮಾದರಿ ದೂರದೂರಿಗೆ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಿದ್ದಳು. "ಮೇಡಂ, ಲಿಂಗಸುಗೂರಾಗ ಖರೇನ ಆ ಯಂತ್ರ ಐತೇನ್ರಿ?"

ಶನಿವಾರ ಬೆಳಿಗ್ಗೆ ಗಾಯತ್ರಿ, ಅಂಬಿಕಾ, ನರಸಣ್ಣ ಮೂವರೂ ಸ್ಟೋರಿನಲ್ಲಿ ಕೂಡಿ ಯಂತ್ರವನ್ನು ಕಿಟಕಿ ಬಳಿ ಇಟ್ಟರು. ಕರೆಂಟ್ ಇರಲಿಲ್ಲ. ಅಂಬಿಕಾ ಯಂತ್ರದ ಕೆಳಗಿನ ಕನ್ನಡಿಯನ್ನು ಹೊರಗಿನ ಸುಣ್ಣದ ಗೋಡೆಯ ಕಡೆ ತಿರುಗಿಸಿ ಬೆಳಕು ಹಿಡಿದಳು. ಗಾಯತ್ರಿ ಮುಕ್ಕುಂದ ಎಂಬ ಹಳ್ಳಿಯ ಎರಡು ಗದ್ದೆಗಳಿಂದ ಉಪ್ಪು ಕೆರೆದು ತಂದಿದ್ದಳು. ಮೊದಲನೆಯದನ್ನು ನೀರಲ್ಲಿ ಕರಗಿಸಿ, ಸೋಸಿ, ಒಂದು ಹನಿ ಗಾಜಿನ ಮೇಲಿಟ್ಟು ಆರಿಸಿದಳು. ಕಣ್ಣಿಟ್ಟರೆ ಬರೀ ಕತ್ತಲು.

"ಯಂತ್ರ ಕೆಟ್ಟೈತೇನ್ರಿ?" ಗಾಯತ್ರಿಯ ಮುಖ ಬಾಡಿತು.

"ಇಲ್ಲ. ಇದು ಅಡಿಗಿ ಉಪ್ಪು ಇರಬೇಕು, ಅದು ಇದರಾಗ ಹೊಳಿಯಂಗಿಲ್ಲ. ಇನ್ನೊಂದು ಇಡು."

ಎರಡನೆಯ ಹನಿ ಇನ್ನೂ ಹಸಿಯಾಗಿತ್ತು. ಗಾಯತ್ರಿ ಬಗ್ಗಿ ನೋಡುತ್ತಿದ್ದಳು. ಕತ್ತಲೆಯ ಅಂಚಿನಲ್ಲಿ ಸೂಜಿಯಷ್ಟು ಬೆಳಕು ಚಿಮ್ಮಿತು. ಅದರ ಬುಡದಿಂದ ಇನ್ನೊಂದು, ಮತ್ತೊಂದು. ನೀರು ಆರಿದಂತೆ ಹರಳುಗಳು ಒಂದರ ಬೆನ್ನಿಗೆ ಒಂದು ಗರಿಬಿಚ್ಚಿ ನಡುವಿಗೆ ನುಗ್ಗತೊಡಗಿದವು: ಹಳದಿ, ಕಡುಗೆಂಪು, ನವಿಲುನೀಲಿ. ಗಾಯತ್ರಿ ಅಂಬಿಕಾಳ ಕೈ ಹಿಡಿದು ಎಳೆದು ತನ್ನ ಜಾಗದಲ್ಲಿ ಕೂಡಿಸಿದಳು.

ಅಂಬಿಕಾ ಬೆಳಕಿನ ಈ ಪಾಠವನ್ನು ಎಂಟು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿದ್ದಳು. ಈಗ ಅದು ಕಣ್ಣೆದುರೇ ಬೆಳೆಯುತ್ತಿತ್ತು. "ಇದು ಬ್ಯಾರೆ ಉಪ್ಪು, ಸಲ್ಫೇಟ್ ಜಾತಿದು," ಎಂದಳು ಕೊನೆಗೆ. "ಎರಡೂ ಗದ್ದಿ ಒಂದ ಥರ ಬೆಳ್ಳಗ ಕಾಣತಾವ, ಒಳಗ ರೋಗ ಬ್ಯಾರೆ ಬ್ಯಾರೆ."

ನರಸಣ್ಣ ಬಾಗಿಲ ಬಳಿ ಚಪ್ಪಲಿ ಬಿಟ್ಟು ನಿಂತಿದ್ದ.

"ನೀವೂ ನೋಡ್ರಿ, ಬರ್ರಿ."

"ನಾನೇನ್ರಿ? ನಂಗೇನ ತಿಳಿತೈತಿ?"

ಗಾಯತ್ರಿ ಎದ್ದು ಅವನನ್ನು ಕೂಡಿಸಿದಳು. ಅವನು ಒಂದು ಕಣ್ಣು ಮುಚ್ಚಿ ಬಗ್ಗಿದ. ಬಹಳ ಹೊತ್ತು ಅಲುಗಲಿಲ್ಲ.

"ಇದು ಗದ್ದಿಯಾಗಿನ ಉಪ್ಪೇನ್ರಿ?"

"ಹೌದು."

"ನಾವು ತುಳಕೊಂಡು ಅಡ್ಯಾಡೋದು?"

"ಅದ ರೀ."

"ಸುಮ್ನಿರ್ರಿ," ಎಂದ ಅವನು, ತಲೆ ಎತ್ತದೆ. "ಇನ್ನಾ ಬೆಳ್ಯಾಕತ್ತೈತಿ."

ಮುಂದೆ ದೂರದೂರಿನ ದೊಡ್ಡ ಪ್ರಯೋಗಾಲಯದ ವರದಿಯೂ ಎರಡು ಉಪ್ಪು ಬೇರೆ ಬೇರೆ ಎಂದೇ ಹೇಳಿತು. ಎರಡು ಗದ್ದೆಗಳಿಗೂ ಒಂದೇ ಉಪಚಾರ ಹೇಳುತ್ತಿದ್ದದ್ದು ಸರಿಯಲ್ಲವೆಂದು ಗಾಯತ್ರಿ ಮುಕ್ಕುಂದದ ರೈತರನ್ನು ಕೂಡಿಸಿ ವಿವರಿಸಿದಳು. ಪಟ್ಟಿ ನೋಡಿ ಇನ್ನೂ ಮೂವರು ಸಂಶೋಧಕರು ಲಿಂಗಸುಗೂರಿಗೆ ಬಂದರು. ಒಬ್ಬ ಕಲ್ಲಿನ ಚೂರು ತಂದಿದ್ದ, ಒಬ್ಬಾಕೆ ಹತ್ತಿಯ ಎಳೆ.

ನರಸಣ್ಣ ಎಲ್ಲರಿಗೂ ತಾನೇ ಪೆಟ್ಟಿಗೆ ತೆಗೆದು ಕೊಟ್ಟ. ಅವರ ಕೆಲಸ ಮುಗಿಯುವ ತನಕ ಪಕ್ಕದಲ್ಲೇ ನಿಂತು, ಆಮೇಲೆ ಕೇಳುತ್ತಿದ್ದ: "ನಂಗೂ ಒಂದೀಟ ತೋರಸ್ರಿ."