ಕೆಂಪು ಮೂತಿಯ ತೋಟಾ

"ಇದು ಇಲ್ಲಿಗೆ ಹೇಗೆ ಬಂತು?"

ಲೋರ್ನಾ ಕೇಳಿದ್ದು ಯಾರನ್ನೂ ಅಲ್ಲ. ಬಿದ್ದ ಪೈನ್ ಮರ ದಾಟುವ ಮುನ್ನ ಕೋವಿಯನ್ನು ಖಾಲಿ ಮಾಡಿಕೊಳ್ಳಬೇಕು ಎನ್ನುವುದು ಅವಳ ಮನೆಯ ಕಟ್ಟುನಿಟ್ಟು. ಬೋಲ್ಟ್ ಎಳೆದಾಗ ಹೊರಗೆ ಚಿಮ್ಮಿದ ತೋಟಾ ಹಿಮದ ಮೇಲೆ ಬಿದ್ದಿತ್ತು. ಅದರ ಮೂತಿ ಕಾಡುಹಣ್ಣಿನಂತೆ ಕೆಂಪಗಿತ್ತು.

ಕೆಂಪು ಮೂತಿಯವು ಬಯಲಿನ ಚಿಗರಿಗೆಂದು ಅವಳ ಗಂಡ ನೆಲ್ಸ್ ಕೈಯಾರೆ ತುಂಬಿದ ತೋಟಾಗಳು. ಹಗುರ ಗುಂಡು, ತೆಳು ತಾಮ್ರದ ಹೊದಿಕೆ. ಚಿಗರಿಯ ಪಕ್ಕೆಗೆ ಹೊಕ್ಕರೆ ನಿಂತಲ್ಲೇ ಮಲಗಿಸುತ್ತದೆ. ಇವತ್ತು ಅವರು ಅರಸಿ ಬಂದದ್ದು ಎಲ್ಕನ್ನು, ಕುದುರೆಗಾತ್ರದ ಜಿಂಕೆಯನ್ನು. ಅದರ ಹೆಗಲ ಮೂಳೆಗೆ ತಾಗಿದರೆ ಈ ಗುಂಡು ಮೇಲೆಮೇಲೇ ಚೂರಾಗಿ ಹೋಗುತ್ತದೆ. ಕಳೆದ ಚಳಿಗಾಲದಲ್ಲಿ ಅಂಥ ಗಾಯ ಹೊತ್ತ ಎಲ್ಕ್ ಒಂದು ಅವರ ಹುಲ್ಲುಮೆದೆಗೆ ಬಂದಿತ್ತು. ಹೆಗಲು ಕೊಳೆತಿತ್ತು. ಹುಲ್ಲಿಗೆ ಬಾಯಿಟ್ಟು, ಅಗಿಯಲಾರದೆ, ಸುಮ್ಮನೆ ನಿಂತೇ ಇತ್ತು.

"ಯಾವ ಕೋಟು ಹಾಕ್ಕೊಂಡು ಬಂದಿದೀಯಮ್ಮ?" ಹಿಂದಿನಿಂದ ಏದುಸಿರು ಬಿಡುತ್ತ ಬಂದ ಮಾವ ಓರ್ವಲ್ ಕೇಳಿದ.

"ನಿಮ್ಮ ಮಗಂದು. ನನ್ನ ಕಿತ್ತಳೆ ಕೋಟು ಹರಿದಿತ್ತಲ್ಲ ಮಾವ. ತೋಟಾನೂ ಇದರ ಜೇಬಿಂದಲೇ ತುಂಬಿದೆ, ಬೆಳಗಾಗೋ ಮುಂಚೆ, ಕೈಗವಸಲ್ಲೇ."

"ಅವನು ಚಿಗರಿಗೆ ಹೋದಾಗ ಹಾಕಿದ್ದ ಕೋಟು! ಚೆನ್ನಾಯ್ತು ಬಿಡು. ಕುದುರೆ ಅವನನ್ನ ಬೀಳಿಸ್ತು, ಅವನ ಕೋಟು ನಮ್ಮನ್ನ ಬೀಳಿಸ್ತು."

ಮುದುಕ ಜೇಬು ತಡಕಿ ಎರಡು ತೋಟಾ ತೆಗೆದ. ಹೋದ ವರ್ಷದವು, ಭಾರದ ಗುಂಡಿನವು. "ತಗೋ. ಇವನ್ನ ತುಂಬು."

"ಇವಕ್ಕೆ ಗುರಿ ಕೂರಿಸಿಲ್ಲ ಮಾವ."

ಪ್ರತಿವರ್ಷ ಚಿಗರಿ ಬೇಟೆ ಮುಗಿದ ಮೇಲೆ ನೆಲ್ಸ್ ಭಾರದ ಗುಂಡು ಹಾಕಿ, ಹಲಗೆಗೆ ಹೊಡೆದು ನೋಡಿ, ಕೋವಿಯ ದುರ್ಬೀನಿನ ತಿರುಪು ಸರಿಮಾಡುತ್ತಿದ್ದ. ಈ ವರ್ಷ ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ. ಅವನ ಆರೈಕೆಯ ಗಡಿಬಿಡಿಯಲ್ಲಿ ಆ ಕೆಲಸ ಯಾರಿಗೂ ನೆನಪಾಗಲಿಲ್ಲ. ಕೋವಿಗೆ ಇನ್ನೂ ಹಗುರ ಗುಂಡಿನ ಗುರಿಯೇ ಇತ್ತು. ಭಾರದ ಗುಂಡು ಮೂಳೆ ಮುರಿದು ಒಳಗಿಳಿಯುವುದೇನೋ ನಿಜ. ಆದರೆ ಎಲ್ಲಿಗೆ ತಾಗುತ್ತದೆ ಎಂದು ದೇವರಿಗೇ ಗೊತ್ತು.

"ಒಂದು ಗೇಣು ಆಚೀಚೆ ಆಗ್ಬಹುದು, ಅಷ್ಟೇ."

"ಒಂದು ಗೇಣು ಆಚೆ ಅಂದ್ರೆ ಹೊಟ್ಟೆ."

ಓರ್ವಲ್ ಆ ಎರಡು ತೋಟಾಗಳನ್ನು ಮತ್ತೆ ಜೇಬಿಗಿಳಿಸಿದ. ಬೇಟೆಗಾಲಕ್ಕೆ ಅದೇ ಕಡೆಯ ದಿನ. ಎಲ್ಕಿನ ಪರವಾನಗಿ ಇದ್ದದ್ದು ಲೋರ್ನಾಳ ಹೆಸರಲ್ಲಿ ಮಾತ್ರ. ಮನೆಯ ಫ್ರೀಜರಿನಲ್ಲಿ ಚಿಗರಿಯ ಕತ್ತಿನ ಮಾಂಸ ಬಿಟ್ಟರೆ ಬರೀ ಮಂಜುಗಡ್ಡೆ. ಇವತ್ತು ಬೇಟೆ ಸಿಗದಿದ್ದರೆ ವಸಂತದವರೆಗೂ ಮಾಂಸವಿಲ್ಲ.

ಲೋರ್ನಾ ಹಿಮದಿಂದ ಕೆಂಪು ಮೂತಿಯನ್ನು ಹೆಕ್ಕಿ, ಕೋಟಿನ ತುದಿಗೆ ಒರೆಸಿದಳು. "ಇದು ಎಲ್ಲಿಗೆ ಹೋಗುತ್ತೆ ಅಂತಾದ್ರೂ ನಂಗೆ ಗೊತ್ತು. ಪೂರ್ತಿ ಮಗ್ಗುಲು ತೋರಿಸಿ ನಿಂತರೆ ಹೆಗಲ ಹಿಂದೆ, ಪಕ್ಕೆಲುಬಿನ ನಡುವೆ ಹೊಡೀತೀನಿ. ಇಲ್ಲಾಂದ್ರೆ ಇಲ್ಲ."

"ಹಾಗೇ ನಿಲ್ಲು ಅಂತ ಎಲ್ಕಿಗೆ ಹೇಳಿ ಕಳಿಸಿದೀಯಾ?"

ಅವಳು ನಕ್ಕಳು. ಮರ ದಾಟಿ, ತೋಟಾ ತುಂಬಿ, ಇಬ್ಬರೂ ಕಣಿವೆಯ ಅಂಚಿನಲ್ಲಿ ಕೂತರು. ಬೇಟೆಗೆ ಕೂತಾಗಲೆಲ್ಲ ಕೀರ್ತನೆಯೊಂದನ್ನು ತುಟಿಯಲ್ಲೇ ಹೇಳಿಕೊಳ್ಳುವುದು ಓರ್ವಲನ ರೂಢಿ. ಹಿಮದ ಮೇಲೆ ಮರಗಳ ನೆರಳು ಉದ್ದವಾಗುತ್ತ ಬಂತು. ಒಂದು ಸಾಲಿನ ನಡುವೆ ಅವನ ತುಟಿ ನಿಂತಿತು.

ಕೆಳಗೆ ಎಲ್ಕ್ ಬಂದಿತ್ತು. ಹೆಣ್ಣು, ಒಂಟಿ, ದಷ್ಟಪುಷ್ಟ. ಇವರ ಕಡೆಗೇ ಓರೆಯಾಗಿ ಮುಖ ಮಾಡಿ ನಿಂತು ಗಾಳಿ ಮೂಸಿತು. ದುರ್ಬೀನಿನ ಗೆರೆಯಡಿಯಲ್ಲಿ ಹೆಗಲ ಮೂಳೆ ಬಾಗಿಲಿಗೆ ಅಡ್ಡವಿಟ್ಟ ಅಗುಳಿಯಂತೆ ಕಂಡಿತು.

"ಹೊಡಿ," ಓರ್ವಲ್ ಪಿಸುಗುಟ್ಟಿದ.

"ತಿರುಗಲಿ."

"ತಿರುಗೋದು ಕಾಡಿಗೇ ಕಣಮ್ಮ!"

ಅವಳ ಬೆರಳು ಕೋವಿಯ ಟ್ರಿಗರಿನ ಹೊರಗೇ ಇತ್ತು. ಉಸಿರು ಬಿಟ್ಟರೆ ಗಾಜು ಮಂಜಾದೀತೆಂದು ಮೂಗನ್ನು ತೋಳಿಗೆ ಒತ್ತಿಕೊಂಡಿದ್ದಳು. ಎಲ್ಕ್ ಒಂದು ಹೆಜ್ಜೆ ಇಟ್ಟಿತು. ಇನ್ನೊಂದು. ಮಗ್ಗುಲು ತೋರಿಸಿತು. ಲೋರ್ನಾ ಬೆರಳನ್ನು ಒಳಗೆ ತಂದಳು. ಅಷ್ಟರಲ್ಲಿ ಅದರ ಪಕ್ಕೆಗೆ ಅಡ್ಡವಾಗಿ ಎಳೆ ಫರ್ ಮರಗಳ ಗುಂಪು ಬಂತು. ಆಚೆಯಿಂದ ಹೊರಬಿದ್ದದ್ದು ಬರೀ ಹಿಂಭಾಗ, ನಿಧಾನವಾಗಿ ಏರು ಹತ್ತುತ್ತ.

"ಹಿಂದಿಂದಾದ್ರೂ ಹೊಡಿ ಲೋರ್ನಾ. ಕುಂಟುತ್ತೆ. ಹಿಮ ಇದೆ, ರಕ್ತ ಕಾಣುತ್ತೆ, ಹಿಡಿಯೋಣ."

ಅವಳು ಸೇಫ್ಟಿಯನ್ನು ಹಿಂದಕ್ಕೆ ತಳ್ಳಿ ಗುಂಡು ಹಾರದಂತೆ ಮಾಡಿದಳು. ಆ ಚಿಕ್ಕ ಸದ್ದಿಗೆ ಮುದುಕನ ಮುಖ ಕೆಂಡವಾಯಿತು.

"ನನ್ನ ಮಗ ಹಾಸಿಗೇಲಿ ಏನು ತಿನ್ನಬೇಕು? ನಿನ್ನ ಪುಣ್ಯಾನಾ?" ಎಂದು ಅವನು ಬರಿಗೈ ಚಾಚಿದ. "ಕೋವಿ ಇಲ್ಲಿ ಕೊಡು. ನಾನು ಹೊಡೀತೀನಿ. ಬೇಗ!"

ಎಲ್ಕ್ ಇನ್ನೂ ಏರಿನ ಮೇಲಿತ್ತು. ಲೋರ್ನಾ ಅದನ್ನೂ ನೋಡಿದಳು, ಆ ಕೈಯನ್ನೂ ನೋಡಿದಳು.

"ಕೊಡಲ್ಲ ಮಾವ."