ಅತ್ತೆಯ ಅಪ್ಪಣೆ

"ಈ ಅಜ್ಜಿ ಬಾಯಿಗೆ ಯಾಕವ್ವಾ ಅರಿವಿ ಕಟ್ಯಾರ? ಹಲ್ಲು ನೋವೇನು?" ಹಳೆಯ ಫೋಟೋವನ್ನು ಬೆಳಕಿಗೆ ಹಿಡಿದು ಜಂಬಕ್ಕ ಕೇಳಿದಳು.

ಫೋಟೋ ತಂದಿದ್ದ ಶುಶಾನ್ ಆರ್ಮೇನಿಯಾ ದೇಶದವಳು. ಹೆಂಗಸರ ಹಳೆಯ ಕಟ್ಟುಪಾಡುಗಳನ್ನು ಕೇಳಿ ತಿಳಿದುಕೊಳ್ಳುವುದು ಅವಳ ಕೆಲಸ. ಹಂಪಿಯ ಆ ಗೆಸ್ಟ್ ಹೌಸಿನ ಜಗಲಿಯಲ್ಲಿ ಅವಳ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದವಳು ಗೈಡ್ ಸ್ಫೂರ್ತಿ. ಜಂಬಕ್ಕ ಅಲ್ಲಿ ಅಡುಗೆಯವಳು. ಮಾತಿಗೆ ಜನ ಸಿಕ್ಕರೆ ಒಲೆಯ ಮೇಲಿನ ಸಾರನ್ನೂ ಮರೆಯುವ ಪೈಕಿ.

"ಅದು ಈಕಿ ಮುತ್ತಜ್ಜಿ ನೋಡ್ರಿ," ಎಂದಳು ಸ್ಫೂರ್ತಿ. "ಅವರ ಕಡೆ ಹೊಸ ಸೊಸಿ ಅತ್ತಿ-ಮಾವನ ಮುಂದ ಮಾತಾಡಂಗಿದ್ದಿಲ್ಲಂತ. ಏನಿದ್ರೂ ಕೈಸನ್ನೆ. ಅತ್ತಿ ಒಂದಿನ ಕರದು, ಇನ್ನ ಮಾತಾಡವ್ವಾ ಅಂದ್ರನ ಬಾಯಿ ಬಿಡ್ಬೇಕು."

"ಭಾಳ ಚಲೋ ಪದ್ಧತಿ ಬಿಡು," ಎಂದು ಜಂಬಕ್ಕ ನಕ್ಕಳು. "ಈ ಅಜ್ಜಿಗೆ ಯಾವಾಗ ಅಂದ್ಳಂತ ಅತ್ತಿ?"

"ಅನ್ನಲೇ ಇಲ್ಲಂತ. ಅತ್ತಿ ಹಂಗ ಸತ್ತು ಹೋದ್ಳು. ಈ ಅಜ್ಜಿ ಆಮ್ಯಾಲೂ ಮಂದಿ ಕೂಡ ಮಾತಾಡ್ಲಿಲ್ಲ. ಮನ್ಯಾಗ ಯಾರೂ ಇಲ್ದಾಗ ನೆಲದಾಗ ತೋಡಿದ ರೊಟ್ಟಿ ಸುಡೋ ಒಲಿಯೊಳಗ ತಲಿ ಬಗ್ಗಿಸಿ ಮಾತಾಡ್ತಿದ್ಳಂತ."

ಜಂಬಕ್ಕನ ನಗು ಅಲ್ಲಿಗೇ ನಿಂತಿತು. ಫೋಟೋವನ್ನು ಬೋರಲು ಹಾಕಿ ಎದ್ದಳು.

ಅವಳ ಮಗ ಹಾಲೇಶ ಸಂಡೂರಿನ ಅದಿರು ಲಾರಿ ಓಡಿಸುತ್ತಿದ್ದ. ಹೋದ ವರ್ಷ ಜ್ವರ ಬಂದು ಮಲಗಿದ್ದವನನ್ನು, ಒಂದೇ ಒಂದು ಟ್ರಿಪ್ ಹೊಡೆದು ಬನ್ನಿ ಎಂದು ಎಬ್ಬಿಸಿ ಕಳಿಸಿದವಳು ಹೆಂಡತಿ ಸುಧಾರಾಣಿ. ಲಾರಿ ಘಾಟಿನಲ್ಲಿ ಉರುಳಿತು. ಮನೆಗೆ ಬಂದ ಹೆಣದ ಕಿವಿ ಮೂಗಿನಲ್ಲೆಲ್ಲ ಕೆಂಪು ಧೂಳು. ಅದನ್ನು ಸೆರಗಿನಿಂದ ಒರೆಸುತ್ತಲೇ ಜಂಬಕ್ಕ ಸೊಸೆಗೆ ಅಂದಿದ್ದಳು: "ನಿನ್ನ ಮಾತು ಕೇಳೇ ನನ್ನ ಮಗ ಹೋದ. ಇನ್ಮ್ಯಾಲೆ ನಿನ್ನ ದನಿ ನನ್ನ ಕಿವಿಗೆ ಬೀಳಬಾರ್ದು."

ಬೀಳಲಿಲ್ಲ. ಊಟಕ್ಕೆ ಕರೆಯಬೇಕಾದರೆ ಸುಧಾರಾಣಿ ತಾಟಿನ ಅಂಚಿಗೆ ಲೋಟ ಬಡಿಯುತ್ತಿದ್ದಳು. ಮೊದಮೊದಲು ಜಂಬಕ್ಕನಿಗೆ ಅದು ಹಿತವಾಗಿಯೇ ಇತ್ತು. ಬರಬರುತ್ತ ಆ ಸದ್ದು ಕೇಳಿದರೆ ಎದೆ ಝಲ್ಲೆನ್ನತೊಡಗಿತು. ಆದರೂ ಮಾತಾಡು ಎನ್ನಲು ಬಿಗುಮಾನ ಬಿಡಲಿಲ್ಲ. ಈಗ ತಾನೂ ಆ ಅಜ್ಜಿಯ ಅತ್ತೆಯಂತೆಯೇ ಸತ್ತುಹೋದರೆ ಎಂಬ ದಿಗಿಲು ಹತ್ತಿತು. ಸಾರು ಇಳಿಸಿದವಳೇ ಆಟೋ ಹತ್ತಿ ಕಡ್ಡಿರಾಂಪುರದ ತನ್ನ ಮನೆಗೆ ಹೊರಟಳು.

ಮನೆಯ ಬಾಗಿಲು ಓರೆಯಾಗಿತ್ತು. ಒಳಗಿನಿಂದ ಸುಧಾರಾಣಿಯ ದನಿ ಬರುತ್ತಿತ್ತು. ಅದು ಇಷ್ಟು ಮೆತ್ತಗಿದೆ ಎಂಬುದೇ ಜಂಬಕ್ಕನಿಗೆ ಮರೆತುಹೋಗಿತ್ತು.

"ಅತ್ತಿ ಬರೋದು ಇನ್ನೂ ಹೊತ್ತಾಗ್ತೈತಿ. ಚಾ ಕುಡೀರಿ, ಆರಿ ಹೋಗ್ತೈತಿ. ಮೈ ಇನ್ನೂ ಸುಡಾಕತ್ತೈತಲ್ರಿ. ಟ್ರಿಪ್ ಬ್ಯಾಡ ಇವತ್ತು. ನಾ ಕಳಸಂಗಿಲ್ಲ."

ಜಂಬಕ್ಕ ಬಾಗಿಲು ತಳ್ಳಿದಳು. ಗೋಡೆಯ ಪಕ್ಕ ಚಾಪೆ ಹಾಸಿತ್ತು, ಅದರ ಮೇಲೊಂದು ತಲೆದಿಂಬು, ಬದಿಯಲ್ಲಿ ಹೊಗೆಯಾಡುವ ಚಹಾ. ಚಾಪೆಯ ಮೇಲೆ ಯಾರೂ ಇರಲಿಲ್ಲ. ಅತ್ತೆಯನ್ನು ಕಂಡದ್ದೇ ಸುಧಾರಾಣಿಯ ಬಾಯಿ ಕಟ್ಟಿತು. ಕೈ ತಾಟಿನತ್ತ ಹೋಯಿತು.

"ಬಡೀಬ್ಯಾಡವ್ವಾ," ಎಂದಳು ಜಂಬಕ್ಕ. "ನಂದು ತಪ್ಪಾತು. ಇನ್ನ ಮಾತಾಡು. ನನ್ನ ಕೂಡಾನೂ ಮಾತಾಡು."

ಹಾಗೆನ್ನುತ್ತಲೇ ಅವಳು ಅಲ್ಲೇ ಚಾಪೆಯ ಮೇಲೆ ಕೂರಲು ಬಗ್ಗಿದಳು. ಸುಧಾರಾಣಿ ಥಟ್ಟನೆ ಕೈ ಅಡ್ಡ ಹಿಡಿದಳು.

"ಅಲ್ಲಿ ಕುಂದ್ರಬ್ಯಾಡ್ರಿ ಅತ್ತಿ. ಅವ್ರು ಮಲಗ್ಯಾರ."

ಜಂಬಕ್ಕ ಸೀರೆಯ ಅಂಚು ಎತ್ತಿ ಹಿಡಿದು, ಚಾಪೆ ತುಳಿಯದಂತೆ ಆಚೆ ಸರಿದು, ಬರೀ ನೆಲದ ಮೇಲೆ ಕೂತಳು.